ಖರ್ಚಾದ ಹಣಕ್ಕೆ ಪತ್ರವಿಲ್ಲ

ಮನೆಯ ಪಾಲು ಎಂದರೇನೆಂಬುದು ಕನ್ನಡ ನಾಡಿನ ಜನಕ್ಕೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಅಣ್ಣತಮ್ಮಂದಿರು ಬೇರೆಯಾಗುವ ದಿನ ಊರಿನ ನಾಲ್ಕು ಮಂದಿ ಹಿರಿಯರು ಜಗಲಿಯ ಮೇಲೆ ಕುಳಿತು, ಹೊಲಗದ್ದೆಗಳಿಂದ ಹಿಡಿದು ಹಿತ್ತಾಳೆಯ ಕೊಳದಪ್ಪಲೆ, ಒರಳುಕಲ್ಲುಗಳವರೆಗೆ ಎಲ್ಲವನ್ನೂ ಪಾಲುಪಟ್ಟಿಗೆ ಇಳಿಸುತ್ತಿದ್ದರು. ಪಾಲಿನಲ್ಲಿ ಮನಸ್ತಾಪ ಬಂದರೂ ಪಾಲು ಯಾರಿಗೆ ಸಲ್ಲಬೇಕೆಂಬುದರಲ್ಲಿ ಸಂದೇಹವಿರುತ್ತಿರಲಿಲ್ಲ. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ದಾಯವಿಭಾಗಕ್ಕೆ ಆಧಾರವಾದ 'ಮಿತಾಕ್ಷರಾ' ಎಂಬ ವ್ಯಾಖ್ಯಾನವೇ ಕನ್ನಡ ನೆಲದಲ್ಲಿ ಹುಟ್ಟಿದುದು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬಸವಕಲ್ಯಾಣವೆನಿಸಿರುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಅದನ್ನು ರಚಿಸಿದನು. ಮಗ, ಮೊಮ್ಮಗ, ವಿಧವೆ, ಮಗಳು, ಸೋದರ ಎಂದು ಅಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸ್ಥಾನ ಗೊತ್ತಾಗಿದೆ.

ಆದರೆ ಮದುವೆಯಾಗದೆ ಒಂದೇ ಸೂರಿನಡಿ ವರ್ಷಗಟ್ಟಲೆ ಬಾಳಿದ ಗಂಡು ಹೆಣ್ಣು ಬೇರೆಯಾದಾಗ, ಅವರು ಕೂಡಿ ಸಂಪಾದಿಸಿದ ಆಸ್ತಿಯನ್ನು ಹೇಗೆ ಹಂಚಬೇಕು? ಈ ಪ್ರಶ್ನೆಗೆ ಯಾವ ಪಾಲುಪಟ್ಟಿಯಲ್ಲಿಯೂ ಉತ್ತರವಿಲ್ಲ. ಇಂಥ ಸಹವಾಸ ಸರಿಯೆ, ತಪ್ಪೆ ಎಂಬ ವಾದ ಬೇರೆ. ಆ ವಿಷಯದಲ್ಲಿ ಪ್ರತಿಯೊಂದು ಮನೆಗೂ ಅದರದೇ ಅಭಿಪ್ರಾಯವಿರಲಿ. ಆದರೆ ಸಹವಾಸವನ್ನು ಒಪ್ಪದವರೂ ಒಂದು ಮಾತನ್ನು ಯೋಚಿಸಬೇಕಾಗುತ್ತದೆ. ಇಬ್ಬರು ದುಡಿದು ಕಟ್ಟಿದ ಮನೆ ಒಬ್ಬರ ಹೆಸರಿನಲ್ಲಿದ್ದರೆ, ಇನ್ನೊಬ್ಬರನ್ನು ಉಟ್ಟ ಬಟ್ಟೆಯಲ್ಲಿ ಹೊರಗೆ ಕಳುಹಿಸುವುದರಿಂದ ನೀತಿಯ ರಕ್ಷಣೆಯಾದಂತಾಗುವುದೆ? ಹಾಗೆ ಕಳುಹಿಸಿದರೆ ಲಾಭ ದೊರೆಯುವುದು ನೀತಿಗಲ್ಲ. ಪತ್ರದಲ್ಲಿ ಹೆಸರು ಬರೆಯಿಸಿಕೊಂಡ ಜಾಣನಿಗೆ.

ಈ ಪ್ರಶ್ನೆಯನ್ನು ಒಂದು ದೇಶದ ಅತ್ಯುಚ್ಚ ನ್ಯಾಯಾಲಯದವರೆಗೆ ಕೊಂಡೊಯ್ದ ಹೆಂಗಸೊಬ್ಬಳ ಕಥೆ ಕೆನಡಾದಲ್ಲಿ ನಡೆಯಿತು. ಆಕೆಯ ಹೆಸರು ರೋಸಾ ಬೆಕರ್. ಆಕೆ ರಾಣಿಯಲ್ಲ, ನಟಿಯಲ್ಲ. ಹೊಲಿಗೆ ಹೆಣಿಗೆ ಮಾಡಿ, ಬಾಡಿಗೆ ಮನೆಯಲ್ಲಿದ್ದು, ವಾರದ ಕೂಲಿಯಲ್ಲಿ ಬದುಕಿದವಳು. ಆಕೆಯ ವ್ಯಾಜ್ಯದ ವಿವರಗಳೆಲ್ಲ ಕೆನಡಾದ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ದಾಖಲಾಗಿವೆ.

ಹದಿನೇಳು ಡಾಲರಿನ ಯುವಕ

ಲೋಥಾರ್ ಪೆಟ್ಕಸ್ ಎಂಬ ಯುವಕನು ಮಧ್ಯ ಯೂರೋಪಿನಿಂದ ೧೯೫೪ರಲ್ಲಿ ಮಾಂಟ್ರಿಯಲ್ ನಗರಕ್ಕೆ ಬಂದಿಳಿದಾಗ ಆತನ ಬಳಿ ಇದ್ದುದು ಹದಿನೇಳು ಡಾಲರು. ಮರುವರ್ಷ ಆತನಿಗೆ ರೋಸಾಳ ಪರಿಚಯವಾಯಿತು. ಆಕೆಗೆ ಆಗ ಮೂವತ್ತು ವರ್ಷ, ಆತನಿಗೆ ಇಪ್ಪತ್ತೈದು. ಆಕೆಯ ಆಹ್ವಾನದ ಮೇರೆಗೆ ಆತ ಆಕೆಯ ಬಾಡಿಗೆ ಮನೆಗೇ ಬಂದು ನೆಲೆಸಿದನು. ಆತನಿಗೆ ವಾರಕ್ಕೆ ೭೫ ಡಾಲರು ಸಂಬಳ. ಆಕೆಗೆ ಮೊದಲು ೨೫ರಿಂದ ೨೮, ಮುಂದೆ ೬೭ ಡಾಲರಿನವರೆಗೆ ಏರಿತು. ಮೊದಮೊದಲು ಮದುವೆಯ ಮಾತೆತ್ತಿದವಳು ಆಕೆಯೇ. ಇನ್ನಷ್ಟು ದಿನ ಒಬ್ಬರನ್ನೊಬ್ಬರು ಅರಿತುಕೊಂಡ ಮೇಲೆ ಯೋಚಿಸೋಣವೆಂದು ಆತ ಹೇಳಿದನು. ಆ ಮಾತು ಅಲ್ಲಿಗೇ ನಿಂತಿತು. ಬಾಳು ಮಾತ್ರ ಮುಂದೆ ಸಾಗಿತು. ಕೆಲವು ವರ್ಷಗಳಲ್ಲಿ ಆತ ಆಕೆಯನ್ನು ತನ್ನ ಹೆಂಡತಿಯೆಂದೇ ಜನರಿಗೆ ಪರಿಚಯಿಸತೊಡಗಿದನು. ಆದಾಯ ತೆರಿಗೆಯ ಲೆಕ್ಕದಲ್ಲಿಯೂ ಹಾಗೆಯೇ ಬರೆಸಿದನು.

ಈ ಸಂಸಾರದ ಹಣಕಾಸಿನ ವ್ಯವಸ್ಥೆಯನ್ನು ಓದುಗರು ಸಾವಧಾನವಾಗಿ ಗಮನಿಸಬೇಕು. ಇಡೀ ವ್ಯಾಜ್ಯದ ಬೀಜವಿರುವುದು ಅಲ್ಲಿಯೇ. ೧೯೫೫ರಿಂದ ೧೯೬೦ರವರೆಗೆ ಮನೆಯ ಬಾಡಿಗೆ, ಊಟ, ಬಟ್ಟೆಬರೆ ಎಲ್ಲವೂ ರೋಸಾಳ ಸಂಬಳದಿಂದ ನಡೆದವು. ಸಾಲದುದಕ್ಕೆ ಆಕೆ ಹೆಣಿಗೆ ಹೊಲಿಗೆ ಮಾಡಿ ಇನ್ನಷ್ಟು ಸಂಪಾದಿಸಿದಳು. ಪೆಟ್ಕಸನ ಸಂಬಳ ಇಡಿಯಾಗಿ ಉಳಿಯಿತು. ಉಳಿದುದು ಆತನೊಬ್ಬನ ಹೆಸರಿನ ಬ್ಯಾಂಕ್ ಲೆಕ್ಕಕ್ಕೆ ಜಮೆಯಾಯಿತು. ಇಬ್ಬರೂ ಕೈ ಬಿಗಿಹಿಡಿದು ಬಾಳಿದರು. ೧೯೬೦ರ ಹೊತ್ತಿಗೆ ಆ ಲೆಕ್ಕದಲ್ಲಿ ೧೨,೦೦೦ ಡಾಲರು ಕೂಡಿತ್ತು. ಆಕೆಯ ಹೆಸರಿನಲ್ಲಿ ಹೇಳಿಕೊಳ್ಳುವಂಥದೇನೂ ಇರಲಿಲ್ಲ. ಆಕೆಯ ಹಣ ಬಾಡಿಗೆಯಾಗಿ, ರೊಟ್ಟಿಯಾಗಿ ಕರಗಿಹೋಗಿತ್ತು.

೧೯೬೧ರಲ್ಲಿ ಕ್ವಿಬೆಕ್ ಪ್ರಾಂತದ ಫ್ರಾಂಕ್ಲಿನ್ ಸೆಂಟರ್ ಎಂಬ ಹಳ್ಳಿಯಲ್ಲಿ ೫,೦೦೦ ಡಾಲರಿಗೆ ಒಂದು ತೋಟದ ಮನೆಯನ್ನು ಕೊಂಡರು. ಹಣ ಆತನ ಲೆಕ್ಕದ್ದು; ಕ್ರಯಪತ್ರವೂ ಆತನ ಹೆಸರಿನದು. ಮನೆಯ ನೆಲವೂ ಮಾಡೂ ಹಾಳಾಗಿದ್ದವು. ನೆಲಕ್ಕೆ ಬೇಕಾದ ಸಾಮಾನನ್ನು ರೋಸಾ ತನ್ನ ಹಣದಿಂದ ತಂದು, ತಾನೂ ನಿಂತು ನೆಲ ಹಾಕಿಸಿ, ಸ್ನಾನದ ಮನೆಯನ್ನು ಕಟ್ಟುವುದಕ್ಕೂ ಕೈಗೂಡಿಸಿದಳು. ಕೆಲಸವಿಲ್ಲದ ತಿಂಗಳುಗಳಲ್ಲಿ ಬಂದ ನಿರುದ್ಯೋಗ ವಿಮೆಯ ಹಣವೂ ಮನೆಯ ಖರ್ಚಿಗೇ ಹೋಯಿತು. ಎರಡು ಚಳಿಗಾಲ ಮಾಂಟ್ರಿಯಲ್‌ಗೆ ಹೋಗಿ, ಅನ್ಯರ ಮಕ್ಕಳನ್ನು ನೋಡಿಕೊಂಡು ತಿಂಗಳಿಗೆ ಸುಮಾರು ನೂರು ಡಾಲರು ತಂದಳು. ಅದೂ ಅಡಿಗೆಮನೆಯ ಪಾಲಾಯಿತು.

ಜೇನಿನ ಸಂಸಾರ

ಆ ತೋಟದಲ್ಲಿ ಅವರು ಆರಂಭಿಸಿದುದು ಜೇನುಸಾಕಣೆ. ಜೇನಿನ ಕೆಲಸ ದೂರದಿಂದ ನೋಡುವವರಿಗೆ ಸಿಹಿ. ಮಾಡುವವರಿಗೆ ಬೆನ್ನು ಮುರಿಯುವ ದುಡಿಮೆ. ಪೆಟ್ಟಿಗೆಗಳಿಗೆ ಮರದ ಚೌಕಟ್ಟುಗಳನ್ನು ಜೋಡಿಸಬೇಕು. ವಸಂತಕಾಲದಲ್ಲಿ ಜೇನುಪೆಟ್ಟಿಗೆಗಳನ್ನು ನೆರೆಯ ರೈತರ ಹಣ್ಣಿನ ತೋಟಗಳಿಗೆ ಸಾಗಿಸಿ, ಬೇಸಗೆಯುದ್ದಕ್ಕೂ ಪರೀಕ್ಷಿಸುತ್ತಿರಬೇಕು. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಎರಿಗಳನ್ನು ತಂದು ಜೇನು ತೆಗೆಯಬೇಕು. ಹಿಮ ಬೀಳುವ ಮುನ್ನ ನೊಣಗಳನ್ನು ಬೆಚ್ಚನೆಯ ಎಡೆಗೆ ಸೇರಿಸಬೇಕು. ಈ ಕೆಲಸಗಳಲ್ಲಿ ರೋಸಾ ಸುಮಾರು ಹದಿನಾಲ್ಕು ವರ್ಷ ಮೈಮುರಿದು ದುಡಿದಳು. ಎರಿಯಿಂದ ಜೇನು ತೆಗೆಯುವ ಕೆಲಸವನ್ನು ನಡೆಸುತ್ತಿದ್ದವಳೇ ಆಕೆ. ಮನೆಮನೆಯ ಬಾಗಿಲಿಗೆ ಹೋಗಿ ಜೇನು ಮಾರಿದಳು; ಕೆಲವು ಕಾಲ ಕೋಳಿ, ಬಾತುಗಳನ್ನೂ ಸಾಕಿದಳು. ಮಾರಾಟದ ಹಣ ಮಾತ್ರ ಪೆಟ್ಕಸನ ಕೈಗೆ ಹೋಗುತ್ತಿತ್ತು. ಅಲ್ಲಿಂದ ಆತನ ಲೆಕ್ಕಕ್ಕೆ.

ಉದ್ಯಮ ಬೆಳೆಯಿತು. ಆಂಟೇರಿಯೋ ಪ್ರಾಂತದಲ್ಲಿ ೧೯೭೧ರಲ್ಲಿ ಒಂದು ಜಮೀನನ್ನೂ ೧೯೭೩ರಲ್ಲಿ ಇನ್ನೊಂದನ್ನೂ ಕೊಂಡರು. ಎರಡೂ ಆತನ ಹೆಸರಿನಲ್ಲಿ. ಆ ೧೯೭೩ನೆಯ ವರ್ಷವೊಂದರಲ್ಲಿಯೇ ಸುಮಾರು ೬೫,೦೦೦ ಪೌಂಡು ಜೇನು ಬಂದಿತು. ಖರ್ಚು ಕಳೆದು ೩೦,೦೦೦ ಡಾಲರಿಗೂ ಮೀರಿ ಉಳಿಯಿತು.

ಹಣ ಬಂದರೂ ಮನಸ್ಸುಗಳು ಒಡೆದವು. ೧೯೭೨ರಲ್ಲಿ ಆತನ ದುರ್ವರ್ತನೆಯನ್ನು ತಾಳಲಾರೆನೆಂದು ಆಕೆ ಹೊರಟುನಿಂತಾಗ, ಆತ ೩,೦೦೦ ಡಾಲರನ್ನು ನೆಲದ ಮೇಲೆ ಎಸೆದು, ಅದನ್ನೂ ಒಂದು ಹಳೆಯ ಕಾರನ್ನೂ ನಲವತ್ತು ಜೇನುಪೆಟ್ಟಿಗೆಗಳನ್ನೂ ತೆಗೆದುಕೊಂಡು ತೊಲಗೆಂದನು. ಉದ್ಯಮದಲ್ಲಿದ್ದ ಪೆಟ್ಟಿಗೆಗಳಲ್ಲಿ ಅವು ಹತ್ತರಲ್ಲೊಂದು ಪಾಲೂ ಇರಲಿಲ್ಲ. ಕೆಲವೇ ದಿನಗಳಲ್ಲಿ ಮರಳಿ ಬಾರೆಂದು ಆತನೇ ಬೇಡಿದನು. ಆಕೆಗೆ ಅನುಕೂಲವಾಗುವಂತೆ ಉಯಿಲು ಬರೆಯಬೇಕು, ವರ್ಷಕ್ಕೆ ೫೦೦ ಡಾಲರು ಕೊಡಬೇಕು, ದಾಂಪತ್ಯದ ವಿಷಯದಲ್ಲಿ ಸಲಹೆ ಕೊಡುವವರ ಬಳಿಗೆ ಹೋಗಬೇಕು ಎಂಬ ಷರತ್ತುಗಳ ಮೇಲೆ ೧೯೭೩ರ ಜನವರಿಯಲ್ಲಿ ಆಕೆ ಒಪ್ಪಿದಳು. ಕಾರನ್ನು ಹಿಂದಕ್ಕೆ ತಂದಳು; ಮೂರು ಸಾವಿರದಲ್ಲಿ ಉಳಿದಿದ್ದ ೧,೯೦೦ ಡಾಲರನ್ನೂ ತಂದು ಕೊಟ್ಟಳು. ಅದು ಕೂಡ ಆತನ ಲೆಕ್ಕಕ್ಕೇ ಸೇರಿ, ಹೊಸ ಜಮೀನಿನ ಕ್ರಯಕ್ಕೆ ಹೋಯಿತು. ನಲವತ್ತು ಪೆಟ್ಟಿಗೆಗಳೂ ಮರಳಿ ಬಂದವು. ಆದರೆ ಅವುಗಳಲ್ಲಿದ್ದ ನೊಣಗಳು ಅಷ್ಟರಲ್ಲಿ ಸತ್ತಿದ್ದವು. ೧೯೭೪ರ ಅಕ್ಟೋಬರ್ ೪ರಂದು, ತನ್ನನ್ನು ಹೊಡೆದನೆಂದು ದೂರಿ, ಆಕೆ ಕಡೆಯ ಬಾರಿ ಆ ಮನೆಯನ್ನು ಬಿಟ್ಟಳು. ಕೂಡಿ ಬಾಳಿದ ಕಾಲ ಹತ್ತೊಂಬತ್ತು ವರ್ಷ.

ಮೂರು ನ್ಯಾಯಾಲಯಗಳು

ರೋಸಾ ನ್ಯಾಯಾಲಯಕ್ಕೆ ಹೋದಳು. ವಿಚಾರಣೆ ನಡೆಸಿದ ನ್ಯಾಯಾಧೀಶರು ಆಕೆಗೆ ಕೊಡಿಸಿದುದು ನೊಣಗಳಿಲ್ಲದ ನಲವತ್ತು ಜೇನುಪೆಟ್ಟಿಗೆಗಳನ್ನು, ಮತ್ತು ಆ ಪೆಟ್ಟಿಗೆಗಳ ಎರಡು ವರ್ಷದ ಆದಾಯವೆಂದು ೧,೫೦೦ ಡಾಲರನ್ನು. ಐದು ವರ್ಷ ಬಾಡಿಗೆ ಕೊಟ್ಟು ಊಟವಿಟ್ಟುದರ ಬಗೆಗೆ ಅವರ ಅಭಿಪ್ರಾಯ ಇನ್ನೂ ವಿಚಿತ್ರವಾಗಿತ್ತು. ಅದು ತನಗಿಂತ ಕಿರಿಯನಾದ ಗಂಡಸನ್ನು ಮದುವೆಗೆ ಒಲಿಸಿಕೊಳ್ಳುವ ಆಸೆಯಿಂದ ಆಕೆ ಹೂಡಿದ ಅಪಾಯದ ಬಂಡವಾಳವೆಂದು ಅವರು ಬಣ್ಣಿಸಿದರು.

ಆ ಮಾತಿನ ಕಟುತ್ವವನ್ನು ಬಿಟ್ಟರೂ, ಅದರಲ್ಲಿ ಒಂದು ವಿಸ್ಮಯವಿದೆ. ಬಾಡಿಗೆ ಮತ್ತು ರೊಟ್ಟಿಯ ಹಣ ಬಂಡವಾಳವೆಂದು ನ್ಯಾಯಾಧೀಶರೇ ತಮಗರಿಯದೆ ಒಪ್ಪಿಕೊಂಡಿದ್ದರು. ಬಂಡವಾಳವಾದರೆ ಅದರ ಲಾಭ ಎಲ್ಲಿ? ಆತನ ಬ್ಯಾಂಕ್ ಲೆಕ್ಕದಲ್ಲಿದ್ದ ಹನ್ನೆರಡು ಸಾವಿರವೇ ಆ ಲಾಭ. ಆಕೆ ಖರ್ಚು ಮಾಡಿದುದರಿಂದಲೇ ಆತನದು ಉಳಿಯಿತು. ಇಬ್ಬರೂ ಖರ್ಚನ್ನು ಸಮನಾಗಿ ಹೊತ್ತಿದ್ದರೆ ಉಳಿತಾಯವೂ ಇಬ್ಬರ ಹೆಸರಿನಲ್ಲಿ ಇರುತ್ತಿತ್ತು. ಉಳಿದ ಹಣಕ್ಕೆ ಪಾಸ್‌ಬುಕ್ಕು ಉಂಟು, ಕ್ರಯಪತ್ರವುಂಟು. ಖರ್ಚಾದ ಹಣಕ್ಕೆ ಯಾವ ಪತ್ರವೂ ಇಲ್ಲ. ಪತ್ರವನ್ನು ಮಾತ್ರ ಓದುವ ನ್ಯಾಯ ಅರ್ಧ ಲೆಕ್ಕವನ್ನು ಮಾತ್ರ ಓದಿದಂತೆ.

ಆಂಟೇರಿಯೋದ ಮೇಲ್ಮನವಿ ನ್ಯಾಯಾಲಯ ೧೯೭೮ರಲ್ಲಿ ಈ ಅರ್ಧ ಲೆಕ್ಕವನ್ನು ತಿದ್ದಿತು. ಜಮೀನುಗಳಲ್ಲಿಯೂ ಜೇನಿನ ಉದ್ಯಮದಲ್ಲಿಯೂ ರೋಸಾಳಿಗೆ ಅರ್ಧ ಭಾಗ ಸಲ್ಲತಕ್ಕದ್ದೆಂದು ತೀರ್ಪಾಯಿತು. ಆ ತೀರ್ಪನ್ನು ಬರೆದವರು ಬರ್ಥಾ ವಿಲ್ಸನ್; ಮುಂದೆ ೧೯೮೨ರಲ್ಲಿ ಕೆನಡಾದ ಸುಪ್ರೀಂ ಕೋರ್ಟಿಗೆ ನೇಮಕವಾದ ಮೊದಲ ಮಹಿಳೆ ಅವರೇ. ಪೆಟ್ಕಸ್ ಸುಪ್ರೀಂ ಕೋರ್ಟಿಗೆ ಹೋದನು. ೧೯೮೦ರ ಡಿಸೆಂಬರ್ ೧೮ರಂದು ಆ ನ್ಯಾಯಾಲಯವೂ ರೋಸಾಳ ಅರ್ಧವನ್ನು ಎತ್ತಿಹಿಡಿಯಿತು.

ಮುಖ್ಯ ತೀರ್ಪನ್ನು ಬರೆದ ನ್ಯಾಯಮೂರ್ತಿ ಬ್ರಯನ್ ಡಿಕ್ಸನ್ ಅವರು ಮೂರು ಪ್ರಶ್ನೆಗಳನ್ನು ಮುಂದಿಟ್ಟರು. ಒಬ್ಬರಿಗೆ ಸಂಪತ್ತು ಕೂಡಿತೆ? ಅದಕ್ಕೆ ಸರಿಯಾಗಿ ಇನ್ನೊಬ್ಬರಿಗೆ ನಷ್ಟವಾಯಿತೆ? ಹಾಗೆ ಕೂಡಿದುದನ್ನು ಒಬ್ಬರೇ ಇಟ್ಟುಕೊಳ್ಳಲು ಕಾನೂನಿನಲ್ಲಿ ಏನಾದರೂ ಕಾರಣವುಂಟೆ? ಮೊದಲೆರಡಕ್ಕೆ 'ಹೌದು', ಮೂರನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದರೆ, ಪತ್ರದಲ್ಲಿ ಹೆಸರಿರುವವನು ಆ ಪಾಲಿನ ಮಟ್ಟಿಗೆ ಒಡೆಯನಲ್ಲ; ಇನ್ನೊಬ್ಬರ ಪರವಾಗಿ ಕಾವಲಿರುವವನು. ದಂಪತಿಗಳಂತೆ ಬಾಳುತ್ತ, ಪಾಲು ದೊರೆಯುವುದೆಂಬ ನ್ಯಾಯವಾದ ನಂಬಿಕೆಯಿಂದ ಒಬ್ಬರು ದುಡಿದಾಗ, ಆ ನಂಬಿಕೆಯನ್ನು ಅರಿತೋ ಅರಿಯಬೇಕಾಗಿದ್ದೋ ದುಡಿಮೆಯ ಫಲವನ್ನು ಸ್ವೀಕರಿಸಿದವನು, ಬೇರೆಯಾಗುವ ದಿನ ಕೈ ಕೊಡವಿಕೊಳ್ಳುವಂತಿಲ್ಲ.

ಇದನ್ನು ಓದಿದಾಗ ವಿಜ್ಞಾನೇಶ್ವರನ ನಾಡಿನವರಿಗೆ ಇನ್ನೊಂದು ಪ್ರಕರಣ ನೆನಪಾಗಬೇಕು. ಹಳೆಯ ವ್ಯವಹಾರಶಾಸ್ತ್ರದ ಹದಿನೆಂಟು ಪದಗಳಲ್ಲಿ 'ಸಂಭೂಯ ಸಮುತ್ಥಾನ' ಎಂಬುದೊಂದು. ಹಲವರು ಕೂಡಿ ವ್ಯಾಪಾರ ಮಾಡಿದಾಗ ಲಾಭ ನಷ್ಟಗಳನ್ನು ಹಾಕಿದ ದ್ರವ್ಯಕ್ಕೆ ತಕ್ಕಂತೆ, ಇಲ್ಲವೆ ಮೊದಲೇ ಆದ ಒಪ್ಪಂದದಂತೆ ಹಂಚಿಕೊಳ್ಳಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ರೋಸಾ ಮತ್ತು ಪೆಟ್ಕಸ್ ಇವರದು ಮದುವೆಯಲ್ಲದಿದ್ದರೂ ಕೂಡುವ್ಯಾಪಾರವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ದಾಯವಿಭಾಗದ ಪುಟದಲ್ಲಿ ಸ್ಥಾನವಿಲ್ಲದವಳಿಗೆ ವ್ಯಾಪಾರದ ಪುಟದಲ್ಲಿ ಸ್ಥಾನವುಂಟು. ಹಾಕಿದ ದ್ರವ್ಯ ಎಂಬ ಮಾತಿನಲ್ಲಿ ಬಾಡಿಗೆ, ರೊಟ್ಟಿ, ಜೇನಿನ ಮನೆಯ ಬೆವರು ಇವನ್ನು ಎಣಿಸಬೇಕೆ ಎಂಬುದೊಂದೇ ಪ್ರಶ್ನೆ.

ಪೆಟ್ಕಸನಿಗೂ ನ್ಯಾಯ ಸಲ್ಲಬೇಕು. ಆತ ಸೋಮಾರಿಯಾಗಿರಲಿಲ್ಲ, ಆತನೂ ದುಡಿದನು, ಉಳಿಸಿದನು. ಆದುದರಿಂದಲೇ ಆಕೆಗೆ ಬಂದುದು ಅರ್ಧ, ಪೂರ್ತಿಯಲ್ಲ. ಕೂಡಿ ಬಾಳಿದವರೆಲ್ಲರಿಗೂ ಅರ್ಧ ತಾನಾಗಿ ಬರುವುದೆಂದು ಡಿಕ್ಸನ್ ಅವರು ಹೇಳಲಿಲ್ಲ. ಪಾಲು ಕೊಡುಗೆಗೆ ತಕ್ಕಂತಿರಬೇಕು. ಇಲ್ಲಿ ಕೊಡುಗೆ ಸಮನಾಗಿತ್ತು.

ಹತ್ತೊಂಬತ್ತು ವರ್ಷ, ಬೇರೊಂದು ತೀರ್ಪು

ಜೇನಿನ ವ್ಯಾಪಾರವಿಲ್ಲದೆ ಮನೆಗೆಲಸ ಮಾತ್ರ ಇದ್ದರೆ? ಆ ಪ್ರಶ್ನೆ ಇಂಗ್ಲೆಂಡಿನಲ್ಲಿ ಬಂದಿತು. ಬರ್ನ್ಸ್ ಪ್ರಕರಣವೆಂದು ಹೆಸರಾಗಿ, ಕಾನೂನು ವರದಿಗಳಲ್ಲಿ ೧೯೮೪ರ ಇಸವಿಯೊಡನೆ ಅಚ್ಚಾಗಿರುವ ಆ ವ್ಯಾಜ್ಯದಲ್ಲಿಯೂ ಇಬ್ಬರು ಕೂಡಿ ಬಾಳಿದುದು ಹತ್ತೊಂಬತ್ತು ವರ್ಷ, ೧೯೬೧ರಿಂದ ೧೯೮೦ರವರೆಗೆ. ಮನೆಯನ್ನು ೧೯೬೩ರಲ್ಲಿ ಗಂಡಸಿನ ಹೆಸರಿನಲ್ಲಿ ಕೊಂಡರು. ಆಕೆ ಇಬ್ಬರು ಮಕ್ಕಳನ್ನು ಹೆತ್ತು ಸಾಕಿದಳು, ಮನೆ ನಡೆಸಿದಳು, ಬಣ್ಣ ಬಳಿದಳು. ಮುಂದೆ ತಾನೇ ದುಡಿಯಲು ಹೋದಾಗ ಆ ಹಣದಿಂದ ಮನೆಯ ಸಾಮಾನುಗಳನ್ನು ತಂದಳು. ಮೇಲ್ಮನವಿ ನ್ಯಾಯಾಲಯ ಆಕೆಗೆ ಮನೆಯಲ್ಲಿ ಯಾವ ಪಾಲೂ ಇಲ್ಲವೆಂದಿತು. ಮನೆಯ ಕ್ರಯಕ್ಕೆ ಆಕೆ ಹಣ ಹಾಕಿರಲಿಲ್ಲ. ಇದರಲ್ಲಿ ಅನ್ಯಾಯವಿದ್ದರೆ ಅದನ್ನು ಸರಿಪಡಿಸಬೇಕಾದುದು ಪಾರ್ಲಿಮೆಂಟು ಎಂಬುದು ನ್ಯಾಯಾಧೀಶರ ನಿಲುವು.

ಎರಡು ಹೆಂಗಸರು, ಎರಡು ದೇಶ, ಸಮನಾದ ಕಾಲ; ಒಬ್ಬಳಿಗೆ ಅರ್ಧ, ಇನ್ನೊಬ್ಬಳಿಗೆ ಸೊನ್ನೆ. ಮನೆಗೆಲಸ ಮತ್ತು ಮಕ್ಕಳ ಪಾಲನೆಯೂ ಕೊಡುಗೆಯೇ, ಅದರ ಮೇಲೆಯೂ ಪಾಲು ಕೇಳಬಹುದು ಎಂದು ಕೆನಡಾದ ಸುಪ್ರೀಂ ಕೋರ್ಟು ೧೯೯೩ರಲ್ಲಿ ಇನ್ನೊಂದು ವ್ಯಾಜ್ಯದಲ್ಲಿ ಸ್ಪಷ್ಟಪಡಿಸಿತು. ಕೆಲವು ನಾಡುಗಳು ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಬಿಡದೆ ಶಾಸನವನ್ನೇ ಮಾಡಿದವು. ನ್ಯೂಜಿಲೆಂಡಿನಲ್ಲಿ ೨೦೦೨ರ ಫೆಬ್ರವರಿಯಿಂದ, ಮೂರು ವರ್ಷ ಕೂಡಿ ಬಾಳಿದವರಿಗೆ ಸಾಮಾನ್ಯವಾಗಿ ದಂಪತಿಗಳಂತೆಯೇ ಸಮಪಾಲು. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ೨೦೧೩ರ ಮಾರ್ಚಿನಿಂದ ಎರಡು ವರ್ಷ ಕೂಡಿದ್ದರೆ ಸಾಕು. ಶಾಸನವಿರುವಲ್ಲಿ ಒಂದು ಅನುಕೂಲ: ಯಾರು ನೆಲ ಹಾಕಿದರು, ಯಾರು ರೊಟ್ಟಿ ತಂದರು ಎಂದು ಹತ್ತೊಂಬತ್ತು ವರ್ಷದ ಲೆಕ್ಕವನ್ನು ಸಾಕ್ಷಿಕಟ್ಟೆಯಲ್ಲಿ ಬಿಚ್ಚಬೇಕಾಗುವುದಿಲ್ಲ.

ಬೆಂಗಳೂರಿನ ಒಂದು ಪ್ರಕರಣ

ಇದು ದೂರದ ದೇಶಗಳ ಮಾತೆಂದು ಪುಟ ಮಗುಚುವಂತಿಲ್ಲ. ಬೆಂಗಳೂರಿನಲ್ಲಿಯೇ ಹುಟ್ಟಿದ ಒಂದು ವ್ಯಾಜ್ಯ ಭಾರತದ ಸುಪ್ರೀಂ ಕೋರ್ಟಿನಲ್ಲಿ ೨೦೧೩ರ ನವೆಂಬರ್ ೨೬ರಂದು ತೀರ್ಮಾನವಾಯಿತು. ಒಂದೇ ಖಾಸಗಿ ಸಂಸ್ಥೆಯಲ್ಲಿ ಇಬ್ಬರೂ ನೌಕರಿಯಲ್ಲಿದ್ದರು. ಆಕೆ ಅವಿವಾಹಿತೆ, ಆತನಿಗೆ ಹೆಂಡತಿ, ಇಬ್ಬರು ಮಕ್ಕಳು. ೧೯೯೨ರಲ್ಲಿ ಆಕೆ ನೌಕರಿಯನ್ನು ಬಿಟ್ಟು ಆತನೊಡನೆ ಬಾಳತೊಡಗಿದಳು. ೨೦೦೬ರಲ್ಲಿ ಆತ ಆಕೆಯನ್ನು ತೊರೆದನು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ಕೊಡುವ ೨೦೦೫ರ ಕಾಯಿದೆಯಡಿ ಆಕೆ ದೂರಿತ್ತಾಗ, ಮ್ಯಾಜಿಸ್ಟ್ರೇಟರು ತಿಂಗಳಿಗೆ ೧೮,೦೦೦ ರೂಪಾಯಿ ಜೀವನಾಂಶವನ್ನು ಕೊಡಿಸಿದರು. ಸೆಷನ್ಸ್ ನ್ಯಾಯಾಲಯ ಅದನ್ನು ಒಪ್ಪಿತು, ಹೈಕೋರ್ಟು ತಳ್ಳಿಹಾಕಿತು, ಸುಪ್ರೀಂ ಕೋರ್ಟು ಹೈಕೋರ್ಟಿನ ಪಕ್ಷವನ್ನೇ ಹಿಡಿಯಿತು. ಆತ ವಿವಾಹಿತನೆಂದು ಅರಿತೇ ಆಕೆ ಕೂಡಿದುದರಿಂದ, ಆ ಸಂಬಂಧ ಕಾಯಿದೆ ಹೇಳುವ 'ವಿವಾಹಸದೃಶ ಸಂಬಂಧ'ವಲ್ಲ ಎಂಬುದು ಕಾರಣ. ಆದರೂ ಇಂಥ ಸಂಬಂಧಗಳು ಮುರಿದಾಗ ನಷ್ಟವನ್ನು ಹೊರುವವರು ಹೆಂಗಸರು ಮತ್ತು ಮಕ್ಕಳೇ ಎಂಬುದನ್ನು ಒಪ್ಪಿ, ಪಾರ್ಲಿಮೆಂಟು ಈ ಬಗೆಗೆ ಯೋಚಿಸಬೇಕೆಂದು ನ್ಯಾಯಾಲಯ ಹೇಳಿತು.

ಅದೇ ತೀರ್ಪಿನಲ್ಲಿ, ಒಂದು ಸಂಬಂಧ ವಿವಾಹಸದೃಶವೆ ಎಂದು ಪರೀಕ್ಷಿಸಲು ಬೇಕಾದ ಅಂಶಗಳ ಪಟ್ಟಿಯೊಂದಿದೆ. ಎಷ್ಟು ಕಾಲ ಕೂಡಿದ್ದರು, ಒಂದೇ ಮನೆಯಲ್ಲಿದ್ದರೆ, ಸಮಾಜದಲ್ಲಿ ಹೇಗೆ ಕಾಣಿಸಿಕೊಂಡರು, ಮಕ್ಕಳುಂಟೆ ಎಂಬವುಗಳ ಜೊತೆಗೆ, ಹಣವನ್ನು ಕೂಡಿಸಿ ಇಟ್ಟಿದ್ದರೆ ಎಂಬುದೂ ಅಲ್ಲಿ ಸೇರಿದೆ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಹೆಂಗಸಿಗೆ ೨೦೦೫ರ ಕಾಯಿದೆಯಡಿ ಜೀವನಾಂಶ ದೊರೆಯಬಹುದು. ಮನೆಯಲ್ಲಿ ವಾಸಿಸುವ ಹಕ್ಕು ದೊರೆಯಬಹುದು. ಆದರೆ ವಾಸಿಸುವ ಹಕ್ಕು ಬೇರೆ, ಒಡೆತನ ಬೇರೆ. ಬೇರೆಯಾದ ಜೊತೆಗಾರರ ನಡುವೆ ಆಸ್ತಿಯನ್ನು ಇಂತಿಷ್ಟು ಹಂಚತಕ್ಕದ್ದೆಂದು ಹೇಳುವ ಮಾತು ಆ ಕಾಯಿದೆಯಲ್ಲಿಲ್ಲ.

ಹಾಗಾದರೆ ಭಾರತದಲ್ಲಿ ಪಾಲನ್ನು ನಿರ್ಣಯಿಸುವುದು ಯಾವುದು? ಬಹುಮಟ್ಟಿಗೆ ಪತ್ರವೇ. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೪೫ನೆಯ ಪ್ರಕರಣದಂತೆ, ಇಬ್ಬರು ಕೂಡಿ ಹಣ ಕೊಟ್ಟು ತಮ್ಮಿಬ್ಬರ ಹೆಸರಿಗೆ ಕೊಂಡ ಸ್ಥಿರಾಸ್ತಿಯಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ಹಾಕಿದ ಹಣಕ್ಕೆ ತಕ್ಕಂತೆ ಪಾಲು. ಯಾರು ಎಷ್ಟು ಹಾಕಿದರೆಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಸಮಪಾಲು. ಇದು ಮದುವೆಯಾದವರಿಗೂ ಆಗದವರಿಗೂ ಒಂದೇ. ಆದರೆ ಪತ್ರ ಒಬ್ಬರ ಹೆಸರಿನಲ್ಲಿದ್ದು ಹಣ ಇನ್ನೊಬ್ಬರದಾಗಿದ್ದರೆ ದಾರಿ ಕಡಿದಾಗುತ್ತದೆ. ತಾನು ಹಣ ಕೊಟ್ಟು ಇನ್ನೊಬ್ಬರ ಹೆಸರಿನಲ್ಲಿ ಕೊಂಡ ಆಸ್ತಿಯನ್ನು ತನ್ನದೆಂದು ದಾವೆ ಹೂಡುವುದಕ್ಕೆ ೧೯೮೮ರ ಬೇನಾಮಿ ಕಾಯಿದೆ ಅಡ್ಡ ನಿಲ್ಲುತ್ತದೆ. ತಮ್ಮ ನ್ಯಾಯವಾದ ಸಂಪಾದನೆಯಿಂದ ಗಂಡ ಹೆಂಡಿರು ಒಬ್ಬರ ಹೆಸರಿನಲ್ಲೊಬ್ಬರು ಕೊಂಡರೆ ಅದಕ್ಕೆ ವಿನಾಯಿತಿಯುಂಟು. ಮದುವೆಯಾಗದ ಜೊತೆಗಾರರು ಆ ವಿನಾಯಿತಿಯ ಪಟ್ಟಿಯಲ್ಲಿ ಹೆಸರಿಸಲ್ಪಟ್ಟಿಲ್ಲ. ಪ್ರೀತಿಯಿಂದ ಇನ್ನೊಬ್ಬರ ಹೆಸರಿಗೆ ಬರೆಸಿಕೊಟ್ಟವರು, ಗಂಡಸಾಗಲಿ ಹೆಂಗಸಾಗಲಿ, ಮುನಿಸು ಬಂದ ದಿನ ಅದನ್ನು ಹಿಂದಕ್ಕೆ ಪಡೆಯುವುದು ದುಸ್ತರ.

ಕಂತೂ ದಿನಸಿಯೂ

ನಗರದ ಮನೆಗಳಲ್ಲಿ ನಿತ್ಯವೂ ನಡೆಯುವ ಒಂದು ಏರ್ಪಾಟನ್ನು ಇಲ್ಲಿ ನೆನೆಯಬಹುದು. ಇಬ್ಬರೂ ಸಂಬಳ ತರುವವರು. ಮನೆಸಾಲದ ಕಂತನ್ನು ಒಬ್ಬರು ಕಟ್ಟುತ್ತಾರೆ. ದಿನಸಿ, ಹಾಲು, ವಿದ್ಯುತ್ತು, ಕೆಲಸದವಳ ಸಂಬಳ ಇವನ್ನು ಇನ್ನೊಬ್ಬರು ನೋಡಿಕೊಳ್ಳುತ್ತಾರೆ. ತಿಂಗಳ ಕೊನೆಯಲ್ಲಿ ಇಬ್ಬರ ಜೇಬೂ ಸಮನಾಗಿಯೇ ಬರಿದಾಗಿರುತ್ತದೆ. ಇದಕ್ಕಿಂತ ನ್ಯಾಯವಾದುದು ಇನ್ನೇನೆಂದು ತೋರುತ್ತದೆ. ಹದಿನೈದು ವರ್ಷ ಕಳೆದ ಮೇಲೆ ಒಬ್ಬರ ಕೈಯಲ್ಲಿ ಮನೆಯ ಪತ್ರವಿರುತ್ತದೆ. ಇನ್ನೊಬ್ಬರ ಕೈಯಲ್ಲಿ ಹಾಲಿನ ಚೀಟಿಯೂ ಉಳಿದಿರುವುದಿಲ್ಲ. ಮಾಂಟ್ರಿಯಲ್‌ನ ಬಾಡಿಗೆ ಮನೆಯಲ್ಲಿ ನಡೆದುದೂ ಇದೇ. ಅಲ್ಲಿ ಮೋಸ ಮಾಡುವ ಉದ್ದೇಶ ಮೊದಲ ದಿನದಿಂದಲೇ ಇತ್ತೆಂದು ಹೇಳಬೇಕಾಗಿಲ್ಲ. ಏರ್ಪಾಟೇ ಹಾಗಿತ್ತು.

ಆದುದರಿಂದ ಜೊತೆಯಾಗಿ ಬಾಳುವವರು ಕಂತನ್ನೂ ದಿನಸಿಯನ್ನೂ ಇಬ್ಬರೂ ಹಂಚಿಕೊಂಡು ಕಟ್ಟುವುದು ಲೇಸು. ಹಣ ಬ್ಯಾಂಕಿನ ಮೂಲಕ ಹೋದರೆ ಇನ್ನೂ ಲೇಸು. ಮನೆಯನ್ನು ಕೊಳ್ಳುವಾಗ ಇಬ್ಬರ ಹೆಸರನ್ನೂ ಬರೆಸಿ, ಯಾರಿಗೆ ಎಷ್ಟು ಪಾಲೆಂಬುದನ್ನು ನೋಂದಾಯಿತ ಪತ್ರದಲ್ಲಿಯೇ ಕಾಣಿಸಬೇಕು. ಒಬ್ಬರು ಮಕ್ಕಳಿಗಾಗಿಯೋ ಮನೆಗಾಗಿಯೋ ನೌಕರಿ ಬಿಡುವುದಾದರೆ, ಆ ತ್ಯಾಗದ ಬೆಲೆ ಏನೆಂಬುದನ್ನು ಬಿಡುವ ಮುನ್ನವೇ ಮಾತಾಡಿ, ಅವರ ಹೆಸರಿನಲ್ಲಿಯೂ ಏನಾದರೂ ಉಳಿಯುವಂತೆ ಮಾಡಬೇಕು. ಪ್ರೀತಿಯಿರುವಾಗ ಲೆಕ್ಕದ ಮಾತು ಕಹಿಯೆನಿಸಬಹುದು. ಪ್ರೀತಿ ಹೋದ ಮೇಲೆ ಅದೇ ಲೆಕ್ಕ ನ್ಯಾಯಾಲಯದಲ್ಲಿ ಎಷ್ಟು ಕಹಿಯಾಗುವುದೆಂದು ಬಲ್ಲವರು ಮೊದಲಿನದನ್ನೇ ಆರಿಸಿಕೊಳ್ಳುತ್ತಾರೆ. ಇಂಥ ಬಾಳನ್ನು ಆರಿಸಿಕೊಂಡ ಮಗನೋ ಮಗಳೋ ಇರುವ ತಂದೆತಾಯಿಗಳು, ಮಾತು ಬಿಟ್ಟು ದೂರ ಕುಳಿತುಕೊಳ್ಳುವುದಕ್ಕಿಂತ ಈ ಒಂದು ಬುದ್ಧಿಮಾತನ್ನು ಹೇಳಿದರೆ ಉಪಕಾರವಾದೀತು.

ಬೇರೆಯಾಗುವ ಗಳಿಗೆ ಬಂದೇಬಿಟ್ಟರೆ, ಹಂಚಲು ಕೂರುವ ಹಿರಿಯರಾಗಲಿ ವಕೀಲರಾಗಲಿ ಮೂರು ಮಾತನ್ನು ಕೇಳಬೇಕು. ಕೂಡುವ ದಿನ ಯಾರ ಬಳಿ ಏನಿತ್ತು? ಕೂಡಿದ್ದ ಕಾಲದಲ್ಲಿ ಬೆಳೆದುದೆಷ್ಟು? ಅದು ಬೆಳೆಯುವಂತೆ ಹಣದಿಂದ, ಮೈಯಿಂದ, ಮನೆವಾರ್ತೆಯಿಂದ ಯಾರು ಯಾರು ಏನು ಕೊಟ್ಟರು? ಮೊದಲಿನದು ಅವರವರದು. ಬೆಳೆದುದು ಇಬ್ಬರದು. ಯಾರ ನಡತೆ ಕೆಟ್ಟದು, ಯಾರು ಮೊದಲು ಬಿಟ್ಟರು ಎಂಬ ಜಗಳವನ್ನು ಈ ಲೆಕ್ಕದೊಳಗೆ ತಂದರೆ ಲೆಕ್ಕ ಎಂದಿಗೂ ಮುಗಿಯದು.

ಲೆಕ್ಕ ಬೇಗ ಮುಗಿಯಬೇಕೆಂಬುದಕ್ಕೆ ರೋಸಾಳ ಕಥೆಯ ಕಡೆಯ ಭಾಗವೇ ಸಾಕ್ಷಿ. ಸುಪ್ರೀಂ ಕೋರ್ಟಿನಲ್ಲಿ ಗೆದ್ದಾಗ ಆಕೆಯ ಅರ್ಧದ ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರೆಂದು ಅಂದಾಜಾಗಿತ್ತು. 'ಗೆದ್ದವಳು ಬೆಕರ್' ಎಂದು ಪತ್ರಿಕೆಗಳು ಬರೆದವು. ಕಾನೂನಿನ ವಿದ್ಯಾರ್ಥಿಗಳು ಆಕೆಯ ಹೆಸರನ್ನು ಬಾಯಿಪಾಠ ಮಾಡಿದರು. ಪೆಟ್ಕಸ್ ಮಾತ್ರ ಕೊಡಲಿಲ್ಲ. ವರ್ಷದ ಮೇಲೆ ವರ್ಷ ತಡೆ ಬಂದಿತು. ಕಡೆಗೆ ಆಸ್ತಿ ಮಾರಾಟವಾಗಿ ಬಂದ ಹಣ ವಕೀಲರ ಶುಲ್ಕಕ್ಕೆ ಹೋಯಿತು. ತೀರ್ಪಿನ ಪಾಲು ಆಕೆಯ ಕೈ ಸೇರಲಿಲ್ಲ. ಇಳಿವಯಸ್ಸಿನಲ್ಲಿ ಅನ್ಯರ ಮನೆಗೆಲಸಕ್ಕೆ ನಿಂತ ರೋಸಾ, ೧೯೮೬ರ ನವೆಂಬರಿನಲ್ಲಿ ತನ್ನ ಬಾಳನ್ನು ತಾನೇ ಕೊನೆಗೊಳಿಸಿಕೊಂಡಳು. ನ್ಯಾಯ ತನಗೆ ದೊರೆಯಲಿಲ್ಲವೆಂಬುದಕ್ಕೆ ಇದು ತನ್ನ ಪ್ರತಿಭಟನೆಯೆಂದು ಆಕೆ ಬರೆದಿಟ್ಟಿದ್ದಳು.

ಆಕೆ ಗೆದ್ದ ತೀರ್ಪು ಅಂದಿನಿಂದ ಕೆನಡಾದಲ್ಲಿ ಅನೇಕರಿಗೆ ಪಾಲು ಕೊಡಿಸಿದೆ. ಆಕೆಗೆ ಮಾತ್ರ ಆರು ವರ್ಷದಲ್ಲಿಯೂ ಕೊಡಿಸಲಿಲ್ಲ. ಹಂಚಿಕೆ ನ್ಯಾಯವಾಗಿದ್ದರೆ ಸಾಲದು. ಹಂಚಿದುದು ಬದುಕಿರುವಾಗಲೇ ಕೈಗೆ ಬರಬೇಕು. ನಮ್ಮ ಹಿಂದಿನವರು ಪಾಲಿನ ದಿನವೇ ಸಾಮಾನನ್ನು ಅಂಗಳಕ್ಕೆ ತೆಗೆಸಿ, ಸೂರ್ಯ ಮುಳುಗುವ ಮುನ್ನ ಅವರವರ ಮನೆಗೆ ಸಾಗಿಸುತ್ತಿದ್ದುದರಲ್ಲಿ ವಿವೇಕವಿತ್ತು. ಕೂಡಿ ಬಾಳಿದವರು ಅಗಲುವಾಗಲೂ ಆ ವಿವೇಕವನ್ನು ಬಿಡಬಾರದು.